ಹಿಮದ ಮೇಲೆ ಮೈನಸ್ ಏಳು

ನನ್ನ ಕನ್ನಡಕದ ನಂಬರು ಎರಡು ಕಣ್ಣಿಗೂ ಮೈನಸ್ ಏಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಡೆದದ್ದಕ್ಕೆಲ್ಲ ಈ ಏಳೇ ಕಾರಣ ಎಂದು ನಾನು ಇಂದಿಗೂ ವಾದಿಸುತ್ತೇನೆ. ನನ್ನ ಹೆಂಡತಿ ರತ್ನ ಬೇರೆ ಕಾರಣ ಹೇಳುತ್ತಾಳೆ. ಅದಕ್ಕೆ ಕನ್ನಡದಲ್ಲಿ ಹೊಟ್ಟೆಕಿಚ್ಚು ಎನ್ನುತ್ತಾರೆ.

ಎಂಬತ್ತರ ದಶಕದ ನಡುವಿನ ಮಾತು. ನಾವು ಅಮೆರಿಕದ ಸಾಂಟಾ ಕ್ಲಾರಾದ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನಾನು ಕಂಪ್ಯೂಟರ್ ಚಿಪ್ ತಯಾರಿಸುವ ಕಂಪನಿಯೊಂದರಲ್ಲಿ ಇಂಜಿನಿಯರು. ಒಂದು ಚೂರು ಧೂಳೂ ಬೀಳಬಾರದೆಂದು ಅಡಿಯಿಂದ ಮುಡಿಯವರೆಗೆ ಬಿಳಿ ಅಂಗಿ ತೊಟ್ಟು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಾಡುವ ಕೆಲಸ. ಉಸಿರು ಬಿಟ್ಟಾಗಲೆಲ್ಲ ಕನ್ನಡಕಕ್ಕೆ ಹಬೆ ಹಿಡಿಯುತ್ತಿತ್ತು. ಉಸಿರನ್ನು ಕೆಳಮುಖವಾಗಿ ಬಿಡುವ ವಿದ್ಯೆಯನ್ನು ನಾನು ಎಂಟು ವರ್ಷಗಳಲ್ಲಿ ಸಾಧಿಸಿಕೊಂಡಿದ್ದೆ. ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ನನ್ನ ಗೆಳೆಯ ಪ್ರಭು ಮಂಗಳೂರಿನವನು. ಡ್ಯಾನ್‌ವಿಲ್‌ನಲ್ಲಿ ಸ್ವಂತ ಮನೆ. ಅವನಿಗೂ ನನ್ನಷ್ಟೇ ದಪ್ಪ ಕನ್ನಡಕವಿತ್ತು. ಯಾರದೇ ಮನೆಯ ಊಟದಲ್ಲಿ ಬಿಸಿ ಸಾರಿನ ಪಾತ್ರೆಯ ಮುಚ್ಚಳ ತೆಗೆದ ಕೂಡಲೇ ನಾವಿಬ್ಬರೂ ಒಟ್ಟಿಗೆ ಕುರುಡರಾಗುತ್ತಿದ್ದೆವು. ಒಟ್ಟಿಗೆ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತಿದ್ದೆವು. ಅದರಿಂದಲೇ ನಮ್ಮ ಸ್ನೇಹ ಬೆಳೆದದ್ದು. ಒಂದು ದಿನ ಈ ದ್ರೋಹಿ ಹೇಳದೆ ಕೇಳದೆ ಕಾಂಟ್ಯಾಕ್ಟ್ ಲೆನ್ಸು ಹಾಕಿಸಿಕೊಂಡು ಬಂದ. ಸಾರಿನ ಮುಂದೆ ನಾನು ಒಬ್ಬನೇ ಒರೆಸಿಕೊಳ್ಳುತ್ತಾ ನಿಂತೆ.

ಅಷ್ಟಕ್ಕೇ ನಿಲ್ಲಲಿಲ್ಲ. ಅವನು ಹಿಮದ ಮೇಲೆ ಜಾರುವ ಸ್ಕೀಯಿಂಗ್ ಕಲಿತ. ಆ ಸಂಕ್ರಾಂತಿಗೆ ನಮ್ಮ ಮನೆಗೆ ಎಳ್ಳು ಬೆಲ್ಲಕ್ಕೆ ಬಂದವನು ಜೊತೆಗೆ ಒಂದು ಆಲ್ಬಮ್ ತಂದಿದ್ದ. ಅದರಲ್ಲಿ ಒಂದು ಫೋಟೋ: ಬಿಳಿ ಇಳಿಜಾರು, ನೀಲಿ ಆಕಾಶ, ನಡುವೆ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಗಾಗಲ್ಸನ್ನು ಹಣೆಯ ಮೇಲೆ ಏರಿಸಿಕೊಂಡು ಇಳಿದು ಬರುತ್ತಿರುವ ಪ್ರಭು. ಮೂಗಿನ ಮೇಲೆ ಏನೂ ಇಲ್ಲ. ರತ್ನ ಆ ಫೋಟೋವನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ ಅಷ್ಟರಲ್ಲಿ ನಾನು ಒಂದು ಇಡೀ ಕಿತ್ತಳೆ ಹಣ್ಣು ಸುಲಿದು, ನಾರು ತೆಗೆದು, ತಿಂದು ಮುಗಿಸಿದ್ದೆ.

"ಎಷ್ಟು ಧೈರ್ಯ ಅಲ್ವಾ ಇವರಿಗೆ," ಎಂದಳು.

"ಧೈರ್ಯ ಏನು ಬಂತು? ಮೇಲಿಂದ ಕೆಳಗೆ ಬರೋದು ತಾನೆ. ಕಲ್ಲು ಕೂಡ ಬರುತ್ತೆ," ಎಂದೆ.

"ಹಾಗಾದ್ರೆ ನೀವೂ ಬನ್ನಿ ಮಾರಾಯ್ರೇ," ಎಂದ ಪ್ರಭು. "ಫೆಬ್ರವರಿ ಲಾಂಗ್ ವೀಕೆಂಡಿಗೆ ನಾವು ಟಾಹೋದ ಹಿಮಬೆಟ್ಟಕ್ಕೆ ಹೋಗುವುದುಂಟು. ಕ್ಯಾಬಿನ್ ದೊಡ್ಡದುಂಟು. ಎರಡೂ ಮನೆಯವರು ಒಟ್ಟಿಗೆ ಹೋಗುವ."

ನಾನು ಬಾಯಿ ತೆರೆಯುವ ಮೊದಲೇ ರತ್ನ ಒಪ್ಪಿಯಾಗಿತ್ತು.

ಮರುದಿನವೇ ಎಲ್ ಕಮೀನೋ ರಸ್ತೆಯಲ್ಲಿದ್ದ ಕಣ್ಣಿನ ಡಾಕ್ಟರ ಬಳಿ ಹೋದೆ. ಬಿಳಿ ಮೀಸೆಯ, ತುಂಬ ತಾಳ್ಮೆಯ ಅಮೆರಿಕನ್ನರು. ಕನ್ನಡಕದವರು ಸ್ಕೀಯಿಂಗಿಗೆ ಹೋದರೆ ಏನೇನು ಮಾಡಬಹುದು ಎಂದು ಒಂದೊಂದಾಗಿ ಹೇಳಿದರು. ಕನ್ನಡಕದ ಮೇಲೆಯೇ ಕೂರುವಂಥ ಅಗಲವಾದ ಗಾಗಲ್ಸು ಸಿಗುತ್ತವೆ. ಅವುಗಳಲ್ಲಿ ಎರಡು ಪದರದ ಗಾಜು, ಗಾಳಿಯಾಡಲು ತೂತು, ಹಬೆ ಹಿಡಿಯುವುದು ಕಡಿಮೆ. ಇಲ್ಲವೇ ಗಾಗಲ್ಸಿನ ಒಳಗೆ ನಮ್ಮ ನಂಬರಿನ ಗಾಜನ್ನು ಕೂರಿಸಿಕೊಡುತ್ತಾರೆ, ಆದರೆ ಅದು ತಯಾರಾಗಿ ಬರಲು ಸಮಯ ಬೇಕು. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸೂ ಆದೀತು, ಅದು ಅಭ್ಯಾಸವಾಗಬೇಕು. ಕಣ್ಣಿನ ಮೇಲೆ ಕೊಯ್ದು ನಂಬರು ಇಳಿಸುವ ಹೊಸ ಆಪರೇಷನ್ನೂ ಒಂದು ಬಂದಿದೆ, ಆದರೆ ಒಂದು ವೀಕೆಂಡಿಗಾಗಿ ಯಾರೂ ಕಣ್ಣು ಕೊಯ್ಯಿಸಿಕೊಳ್ಳುವುದಿಲ್ಲ.

"ನಿಮಗೆ ಅಗಲವಾದ ಗಾಗಲ್ಸೇ ಸರಿ," ಎಂದು ಅವರು ತೀರ್ಮಾನ ಹೇಳಿದರು. "ಸುಲಭ, ಕ್ಷೇಮ, ಈವತ್ತೇ ಸಿಗುತ್ತೆ."

"ನನ್ನ ಗೆಳೆಯ ಕಾಂಟ್ಯಾಕ್ಟ್ ಲೆನ್ಸು ಹಾಕ್ತಾನೆ," ಎಂದೆ.

"ಅದು ಅವರ ಕಣ್ಣು."

"ನನಗೂ ಅದೇ ಬೇಕು."

ಅವರು ಮೀಸೆಯನ್ನು ಒಮ್ಮೆ ನೀವಿಕೊಂಡು ಒಪ್ಪಿದರು. ಮನೆಗೆ ಬರುವ ದಾರಿಯಲ್ಲಿ ಒಂದು ಅಂಗಡಿಗೆ ನುಗ್ಗಿ, ಫೋಟೋದಲ್ಲಿ ಪ್ರಭುವಿನ ಹಣೆಯ ಮೇಲಿದ್ದಂಥದೇ ಸಪೂರವಾದ, ಸೊಗಸಾದ ಗಾಗಲ್ಸನ್ನೂ ಕೊಂಡುಬಿಟ್ಟೆ. ಅದರೊಳಗೆ ಕನ್ನಡಕ ಹಿಡಿಯುವುದಿಲ್ಲ ಎಂದು ಅಂಗಡಿಯ ಹುಡುಗಿ ಎರಡು ಸಲ ಎಚ್ಚರಿಸಿದಳು. ನಾನು ನಕ್ಕೆ. ಇನ್ನು ಕನ್ನಡಕ ಯಾರಿಗೆ ಬೇಕು?

ಲೆನ್ಸು ಬಂದ ಮೇಲೆ ನಮ್ಮ ಮನೆಯ ದಿನಚರಿಯೇ ಬದಲಾಯಿತು. ಬೆಳಗ್ಗೆ ಎದ್ದು ಅವನ್ನು ಕಣ್ಣಿಗೆ ಹಾಕಬೇಕು. ಬೆರಳು ಹತ್ತಿರ ಬಂದ ಕೂಡಲೇ ನನ್ನ ರೆಪ್ಪೆಗಳು ಬ್ಯಾಂಕಿನ ಬಾಗಿಲಿನಂತೆ ಮುಚ್ಚಿಕೊಳ್ಳುತ್ತಿದ್ದವು. ಒಂದು ಕಣ್ಣಿಗೆ ಮುಕ್ಕಾಲು ಗಂಟೆ. ಸಂಜೆ ಅವನ್ನು ತೆಗೆದು ಉಪ್ಪುನೀರಿನ ಡಬ್ಬಿಯಲ್ಲಿ ಹಾಕಿ, ಆ ಡಬ್ಬಿಯನ್ನು ಒಂದು ಪುಟ್ಟ ಕರೆಂಟಿನ ಪೆಟ್ಟಿಗೆಯಲ್ಲಿಟ್ಟು ಬಿಸಿ ಮಾಡಬೇಕು.

"ಇದೇನ್ರೀ, ಇಡ್ಲಿ ಬೇಯಿಸಿದ ಹಾಗೆ ಬೇಯಿಸ್ತಾ ಇದೀರಲ್ಲ," ಎಂದಳು ರತ್ನ.

ಎರಡನೆಯ ವಾರ ಒಂದು ಬೆಳಗ್ಗೆ ಒಂದು ಲೆನ್ಸು ಹಾಕಿಕೊಳ್ಳುತ್ತಿದ್ದಂತೆ ಫೋನು ಬಂತು. ಮಾತಾಡಿ ಬಂದು ಇನ್ನೊಂದನ್ನೂ ಹಾಕಿಕೊಂಡೆ. ಕನ್ನಡಿ ನೋಡಿದರೆ ಎರಡು ಕಣ್ಣಿಗೂ ಏನೂ ಸರಿಯಾಗಿ ಕಾಣುತ್ತಿಲ್ಲ. ಎರಡೂ ಲೆನ್ಸು ಬಿದ್ದುಹೋಗಿವೆ ಎಂದು ತೀರ್ಮಾನಿಸಿದೆ. ನಾನು, ರತ್ನ, ಒಂಬತ್ತು ವರ್ಷದ ಮಗಳು ಅನಿತಾ ಮೂವರೂ ಬಾತ್‌ರೂಮಿನ ನೆಲದ ಮೇಲೆ ಅರ್ಧ ಗಂಟೆ ಅಂಬೆಗಾಲಿಟ್ಟೆವು. ಅನಿತಾಳ ಸ್ಕೂಲ್ ಬಸ್ಸು ತಪ್ಪಿತು. ಕೊನೆಗೆ ನಾನು ಹಳೆಯ ಕನ್ನಡಕ ಹಾಕಿಕೊಂಡೆ, ರತ್ನಳೇ ಕಾರು ಓಡಿಸಿ ನನ್ನನ್ನು ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ದೀಪ ಹಾಕಿ ನೋಡಿದರು. ಮೀಸೆ ನೀವಿಕೊಂಡು ಮತ್ತೊಮ್ಮೆ ನೋಡಿದರು.

"ಎರಡೂ ಸಿಕ್ಕಿವೆ," ಎಂದರು ಕೊನೆಗೆ. "ಎರಡೂ ಬಲಗಣ್ಣಿನಲ್ಲಿವೆ."

ಒಂದರ ಮೇಲೊಂದು ಹಾಕಿಕೊಂಡಿದ್ದೆ. ಅದರ ಮೇಲೆ ಕನ್ನಡಕ ಬೇರೆ. ಆ ಬೆಳಗ್ಗೆ ನನ್ನ ಬಲಗಣ್ಣು ಮೈನಸ್ ಇಪ್ಪತ್ತೊಂದರ ಮೂಲಕ ಜಗತ್ತನ್ನು ನೋಡುತ್ತಿತ್ತು.

"ಅಗಲವಾದ ಗಾಗಲ್ಸು ಈಗಲೂ ಅಂಗಡಿಯಲ್ಲಿವೆ," ಎಂದು ಡಾಕ್ಟರು ಮೆಲ್ಲಗೆ ನೆನಪಿಸಿದರು. ಥ್ಯಾಂಕ್ಸ್ ಹೇಳಿ ಎದ್ದು ಬಂದೆ.

ಎರಡು ಕಾರುಗಳಲ್ಲಿ ಟಾಹೋ ತಲುಪಿದೆವು. ಮರುದಿನ ಬೆಳಗ್ಗೆ ಕ್ಯಾಬಿನ್ನಿನಲ್ಲಿ ಲೆನ್ಸಿನ ಡಬ್ಬಿ ತೆರೆದೆ. ಹಿಂದಿನ ದಿನ ಅವಸರದಲ್ಲಿ ಮುಚ್ಚಳ ಬಿಗಿಯುವಾಗ ಎಡಗಣ್ಣಿನ ಲೆನ್ಸು ಅಂಚಿಗೆ ಸಿಕ್ಕಿಕೊಂಡಿತ್ತು. ಸರಿಯಾಗಿ ಎರಡು ಹೋಳು. ಸೂಟ್‌ಕೇಸಿನಲ್ಲಿ ಕನ್ನಡಕವಿತ್ತು, ಸದ್ಯ. ಅದರ ಮೇಲೆ ಸೊಗಸಾದ ಗಾಗಲ್ಸನ್ನು ಒತ್ತಿ ಕೂರಿಸಿದೆ. ಅದು ಎಳನೀರಿನ ಮೇಲೆ ಟೋಪಿ ಇಟ್ಟಂತೆ ಕೂತಿತು. ಎರಡು ಉಸಿರಿಗೆ ಎಲ್ಲವೂ ಮಂಜಾಯಿತು. ಎಂಟು ವರ್ಷದ ನನ್ನ ಉಸಿರಾಟದ ವಿದ್ಯೆ ಅಲ್ಲಿ ಕೆಲಸಕ್ಕೆ ಬರಲಿಲ್ಲ.

"ಕನ್ನಡಕ ಇದ್ದ ಕಾಲದಲ್ಲಿ ನಾನು ಗಾಜಿಗೆ ಸ್ವಲ್ಪ ಸೋಪು ಹಚ್ಚುತ್ತಿದ್ದೆ," ಎಂದ ಪ್ರಭು, ಕನಿಕರದಿಂದ. "ಒಂದು ಬೊಟ್ಟಿನಷ್ಟು. ಹಚ್ಚಿ, ಚೆನ್ನಾಗಿ ಒರೆಸಿಬಿಡಬೇಕು. ಹಬೆ ಹಿಡಿಯುವುದಿಲ್ಲ."

ಆ ಕನಿಕರ ನನಗೆ ಸೋಪಿಗಿಂತ ಹೆಚ್ಚು ಉರಿಯಿತು. ಅವನು ಒಂದು ಬೊಟ್ಟು ಎಂದರೆ ನಾನು ಪಾತ್ರೆ ತೊಳೆಯುವ ಸೋಪನ್ನು ಒಂದು ಚಮಚ ಸುರಿದುಕೊಂಡೆ. ಒರೆಸಲೂ ಇಲ್ಲ. ಒರೆಸಿದರೆ ಹೋಗಿಬಿಡುತ್ತದಲ್ಲ.

ಬೆಳಗಿನ ಹೊತ್ತು ಹೊಸಬರಿಗೆ ಪಾಠ. ಸ್ಕೀಗಳ ಮುಂದಿನ ತುದಿಗಳನ್ನು ಹತ್ತಿರ ತಂದು, ಹಿಂದೆ ಅಗಲಿಸಿ, ನೇಗಿಲಿನಂತೆ ಮಾಡಿದರೆ ವೇಗ ಕಡಿಮೆಯಾಗುತ್ತದೆ ಎಂದು ಕಲಿಸುವ ಹುಡುಗಿ ತೋರಿಸಿದಳು. ರತ್ನ ಮೂರು ಸಲ ಬಿದ್ದಳು, ನಾಲ್ಕನೆಯ ಸಲ ನಿಂತಳು, ಐದನೆಯ ಸಲ ತಿರುಗಿದಳು. ಶೈಲಾ, ಅಂದರೆ ಪ್ರಭುವಿನ ಹೆಂಡತಿ, ಕೊಟ್ಟಿದ್ದ ನೇರಳೆ ಬಣ್ಣದ ಜಾಕೆಟ್ ತೊಟ್ಟು ಅವಳು ಇಳಿಯುತ್ತಿದ್ದರೆ ಯಾರೋ ಬೇರೆಯವರ ಹೆಂಡತಿಯನ್ನು ನೋಡಿದಂತೆ ನಾನು ಬೆಕ್ಕಸಬೆರಗಾಗಿ ನೋಡಿದೆ. ನನಗೆ ನಿಲ್ಲುವ ವಿಧಾನ ಒಂದೇ ಒಂದು ಬಂತು. ಅದು ಬೀಳುವುದು.

ಊಟವಾದ ಮೇಲೆ ಪ್ರಭು ಬಂದ. "ರತ್ನ ಅವರೇ, ನಿಮಗೆ ಒಳ್ಳೇ ಬ್ಯಾಲೆನ್ಸ್ ಉಂಟು. ಬನ್ನಿ, ಮೇಲಿನ ಇಳಿಜಾರಿಗೆ ಹೋಗುವ. ಅದೂ ಸುಲಭದ್ದೇ. ಮೂರ್ತಿ ಸ್ವಲ್ಪ ರೆಸ್ಟ್ ತಗೊಳ್ಳಲಿ," ಎಂದು ನನ್ನನ್ನು ತೋರಿಸಿದ.

"ನೀವು ಅನಿತಾನ ನೋಡ್ಕೊಳ್ತೀರಾ ತಾನೆ?" ಎಂದು ರತ್ನ ನನ್ನನ್ನು ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ. ಕಿತ್ತಳೆ ಜಾಕೆಟ್ಟು, ನೇರಳೆ ಜಾಕೆಟ್ಟು ಲಿಫ್ಟಿನ ಒಂದೇ ಕುರ್ಚಿಯಲ್ಲಿ ಅಕ್ಕಪಕ್ಕ ಕೂತು, ತಂತಿಯಿಂದ ತೂಗುತ್ತಾ ಬೆಟ್ಟ ಏರಿದವು. ಅವಳು ಏನಕ್ಕೋ ನಕ್ಕದ್ದು ಕೆಳಗಿನವರೆಗೂ ಕೇಳಿಸಿತು. ನಾನು ಹೇಳಿದ ಜೋಕಿಗೆ ಅವಳು ಕೊನೆಯ ಸಲ ನಕ್ಕದ್ದು ಯಾವಾಗ ಎಂದು ಲೆಕ್ಕ ಹಾಕಿದೆ. ನೆನಪಾಗಲಿಲ್ಲ.

ಮಗಳನ್ನು ಶೈಲಾ ಅವರಿಗೆ ಒಪ್ಪಿಸಿ ಹತ್ತು ನಿಮಿಷದ ನಂತರ ನಾನೂ ಒಂದು ಕುರ್ಚಿ ಏರಿದೆ. ಅಷ್ಟು ಹೊತ್ತಿಗೆ ಹಿಮ ಬೀಳಲು ಶುರುವಾಗಿತ್ತು. ಮೇಲೆ ಇಳಿಯುವಲ್ಲಿ ಬಿದ್ದೆ. ನನ್ನಿಂದಾಗಿ ಇಡೀ ಬೆಟ್ಟದ ಕುರ್ಚಿಗಳು ನಿಂತವು. ಎದ್ದು ನಿಂತಾಗ ಹಿಮ ಗಾಗಲ್ಸಿನ ಒಳಗೆಲ್ಲ ಹೊಕ್ಕು ನೀರಾಗಿ, ನನ್ನ ಚಮಚ ಸೋಪಿಗೆ ಸೇರಿತ್ತು. ನೊರೆ ಎದ್ದಿತು. ಕನ್ನಡಕ ಮತ್ತು ಗಾಗಲ್ಸಿನ ನಡುವೆ ಗುಳ್ಳೆಗಳು ತುಂಬಿಕೊಂಡವು, ಕಣ್ಣಿಗೆ ಇಳಿದವು. ಹಿಮ ಬೀಳುತ್ತಿರುವ ಬೆಟ್ಟದ ತುದಿಯಲ್ಲಿ ನಾನು ಅಭ್ಯಂಜನ ಮಾಡಿಕೊಂಡವನಂತೆ ಕಣ್ಣುಜ್ಜಿಕೊಳ್ಳುತ್ತಾ ನಿಂತಿದ್ದೆ. ಎರಡನ್ನೂ ಕಿತ್ತು ಜೇಬಿಗೆ ಹಾಕಿಕೊಂಡೆ.

ಈಗ ಉಳಿದದ್ದು ಮೈನಸ್ ಏಳು ಮತ್ತು ನಾನು. ಎಲ್ಲವೂ ಬಿಳಿ. ಆಕಾಶ ಬಿಳಿ, ನೆಲ ಬಿಳಿ, ಮರಗಳು ಕಪ್ಪು ಕಲೆಗಳು. ಆ ಬಿಳಿಯಲ್ಲಿ, ಸ್ವಲ್ಪ ಕೆಳಗೆ, ನನಗೆ ಎರಡು ಬಣ್ಣಗಳು ಮಾತ್ರ ಸ್ಪಷ್ಟವಾಗಿ ಕಂಡವು. ಒಂದು ಕಿತ್ತಳೆ, ಒಂದು ನೇರಳೆ. ಕಿತ್ತಳೆಯ ತೋಳು ನೇರಳೆಯ ಸೊಂಟವನ್ನು ಬಳಸಿತ್ತು. ಬಳಸಿ, ಮೆಲ್ಲಗೆ, ಯಾವ ಅವಸರವೂ ಇಲ್ಲದೆ ಇಳಿಯುತ್ತಿತ್ತು.

ಆ ಕ್ಷಣದಲ್ಲಿ ನಾನು ಏನು ಯೋಚಿಸಿದೆ ಎಂದು ಕೇಳಬೇಡಿ. ಹನ್ನೊಂದು ವರ್ಷದ ಸಂಸಾರ, ಬಸವನಗುಡಿಯ ಛತ್ರದಲ್ಲಿ ನಡೆದ ನಮ್ಮ ಮದುವೆ, ಅವಳಿಗಾಗಿ ಸೌತೆಕಾಯಿ ಕೋಸಂಬರಿ ಕಲಿತದ್ದು, ಎಲ್ಲವೂ ಒಟ್ಟಿಗೆ ನುಗ್ಗಿ ಬಂತು. ಕೋಲುಗಳನ್ನು ಹಿಮಕ್ಕೆ ಊರಿ ತಳ್ಳಿದೆ.

"ಪ್ರಭು! ರೀ ಪ್ರಭು!" ಎಂದು ಕೂಗಿದೆ. "ಕೈ ತೆಗೀರಿ! ರತ್ನಾ, ನಿಲ್ಲು!"

ಅವರು ನಿಲ್ಲಲಿಲ್ಲ. ನನಗೂ ನಿಲ್ಲಲಾಗಲಿಲ್ಲ. ನೇಗಿಲು ಮಾಡಲು ನೋಡಿದೆ, ಎಡ ಸ್ಕೀ ಬಲದ್ದನ್ನು ತುಳಿಯಿತು. ಬಣ್ಣಗಳು ದೊಡ್ಡದಾಗುತ್ತಾ ಬಂದವು. "ಪ್ರಭೂ, ಪ್ರಭೂ" ಎಂದು ಕೂಗುತ್ತಲೇ ಹೋಗಿ ಅವರಿಬ್ಬರ ನಡುವೆ ನುಗ್ಗಿದೆ. ಮೂವರೂ ಒಂದು ಮೂಟೆಯಾಗಿ ಉರುಳಿ, ಒಂದು ಹಿಮದ ದಿಬ್ಬದಲ್ಲಿ ಹೂತೆವು.

ಕಣ್ಣುಬಿಟ್ಟಾಗ ಕಿತ್ತಳೆ ಜಾಕೆಟ್ಟಿನ ಮುಖ ಒಂದು ಗೇಣು ದೂರದಲ್ಲಿತ್ತು. ಗೇಣು ದೂರದಲ್ಲಿ ನನಗೆ ಚೆನ್ನಾಗಿ ಕಾಣುತ್ತದೆ. ಅದು ಎಪ್ಪತ್ತರ ಆಸುಪಾಸಿನ ಒಬ್ಬ ಅಮೆರಿಕನ್ ಅಜ್ಜಿಯ ಮುಖ. ನೇರಳೆ ಜಾಕೆಟ್ಟಿನೊಳಗೆ ಇದ್ದದ್ದು ಅವರ ಗಂಡ. ಅಜ್ಜನಿಗೆ ಮಂಡಿ ಅಷ್ಟು ಗಟ್ಟಿಯಿರಲಿಲ್ಲವಂತೆ, ಅದಕ್ಕೇ ಅಜ್ಜಿ ಸೊಂಟ ಹಿಡಿದುಕೊಂಡು ಇಳಿಸುತ್ತಿದ್ದರು. ಪುಣ್ಯಕ್ಕೆ ಅವರಿಬ್ಬರಿಗೂ ಏನೂ ಆಗಲಿಲ್ಲ. ನಲವತ್ತು ವರ್ಷದಿಂದ ಸ್ಕೀ ಮಾಡುತ್ತಿದ್ದವರಿಗೆ ಬೀಳುವುದೂ ಗೊತ್ತಿತ್ತು. ನನಗೆ ಮಂಡಿ ತಿರುಚಿತ್ತು. ಜೇಬಿನಲ್ಲಿದ್ದ ಕನ್ನಡಕ, ಬೆಳಗಿನ ಲೆನ್ಸಿನಂತೆಯೇ, ಎರಡು ಹೋಳಾಗಿತ್ತು.

ನನ್ನನ್ನು ಕೆಳಗಿಳಿಸಲು ಬೆಟ್ಟದ ರಕ್ಷಣಾ ತಂಡದವರು ಒಂದು ಜಾರುಬಂಡಿ ತಂದರು. ಅದರಲ್ಲಿ ಮಲಗಿಸಿ, ಕಂಬಳಿ ಹೊದಿಸಿ, ಪಟ್ಟಿಗಳಿಂದ ಕಟ್ಟಿದರು. ದಾರಿ ಕುರ್ಚಿಗಳ ತಂತಿಯ ಕೆಳಗೇ ಹಾದುಹೋಗುತ್ತಿತ್ತು. ಮೇಲಿನಿಂದ ಒಂದು ಪರಿಚಿತ ಧ್ವನಿ ಕೇಳಿಸಿತು.

"ಅಮ್ಮ, ಲುಕ್! ಈಸ್ ದಟ್ ಅಪ್ಪ?"

"ಸುಮ್ನಿರೇ," ಎಂದಿತು ಇನ್ನೊಂದು ಧ್ವನಿ. "ಅಪ್ಪ ಕೆಳಗೆ ಕಾಫಿ ಕುಡೀತಾ ಇರ್ತಾರೆ."

ಆಮೇಲೆ ಗೊತ್ತಾಯಿತು. ರತ್ನ ಒಂದೇ ಸುತ್ತು ಇಳಿದು, ಆಗಲೇ ಕೆಳಗೆ ಬಂದು, ಅನಿತಾಳನ್ನು ಕರೆದುಕೊಂಡು ಎರಡನೆಯ ಸಲ ಮೇಲೆ ಹೋಗುತ್ತಿದ್ದಳು. ನಾನು ಮೇಲೇರುತ್ತಿದ್ದಾಗ ಅವಳು ನನ್ನ ಕಾಲಡಿಯಲ್ಲೇ ಇಳಿದುಹೋಗಿದ್ದಳು.

ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಮಂಡಿಗೆ ಮಂಜುಗಡ್ಡೆ ಕಟ್ಟಿಸಿಕೊಂಡು ಮಲಗಿದ್ದೆ. ಸುದ್ದಿ ಕೇಳಿ ರತ್ನ ಓಡಿ ಬಂದಳು. ಹಿಂದೆ ಅನಿತಾ, ಅವಳ ಹಿಂದೆ ಪ್ರಭು. ಸರಿಯಾಗಿ ಆಗಲೇ ಕಿತ್ತಳೆ ಜಾಕೆಟ್ಟಿನ ಅಜ್ಜಿಯೂ ನನ್ನ ಯೋಗಕ್ಷೇಮ ವಿಚಾರಿಸಲು ಬಾಗಿಲು ತಟ್ಟಿದರು. ಅಷ್ಟು ಒಳ್ಳೆಯ ಆ ಹೆಂಗಸನ್ನು ಆ ದಿನ ದ್ವೇಷಿಸಿದಷ್ಟು ನಾನು ಯಾರನ್ನೂ ದ್ವೇಷಿಸಿಲ್ಲ.

"ಪಾಪ, ಬರುವಾಗ ಉದ್ದಕ್ಕೂ ಕೂಗಿಕೊಂಡೇ ಬಂದರು," ಎಂದು ಅವರು ಇಂಗ್ಲಿಷಿನಲ್ಲಿ ರತ್ನಳಿಗೆ ಹೇಳಿದರು. "ರತ್ನ ಅಂತ ಏನೋ ಕೂಗಿದರು."

"ಅದು ನಾನೇ," ಎಂದಳು ರತ್ನ. ಅವಳ ಕಣ್ಣು ತುಂಬಿ ಬಂದದ್ದು ನನಗೆ ಕಾಣಲಿಲ್ಲ, ಧ್ವನಿಯಲ್ಲಿ ಕೇಳಿಸಿತು. "ಬೀಳೋ ಹೊತ್ತಲ್ಲಿ ನನ್ನ ಹೆಸರು ಕೂಗಿದ್ರಾ?" ಎಂದು ನನ್ನ ಕೈ ಹಿಡಿದುಕೊಂಡಳು. ನಾನು ತಲೆಯಾಡಿಸಿದೆ. ಸುಳ್ಳೇನೂ ಅಲ್ಲವಲ್ಲ.

"ಇನ್ನೊಂದು ಹೆಸರು ಇನ್ನೂ ಜೋರಾಗಿ ಕೂಗಿದರು," ಎಂದರು ಅಜ್ಜಿ. "ಪ್ರಭೂ, ಪ್ರಭೂ ಅಂತ."

ಭಾನುವಾರದ ಭಜನೆ ಕ್ಲಾಸಿಗೆ ಹೋಗುತ್ತಿದ್ದ ಅನಿತಾ ಮುಂದೆ ಬಂದು ವಿವರಿಸಿದಳು. "ಪ್ರಭು ಮೀನ್ಸ್ ಗಾಡ್. ಹೀ ವಾಸ್ ಪ್ರೇಯಿಂಗ್."

ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡು, ಇಂಥ ಭಕ್ತನನ್ನು ತಾನು ನೋಡಿಲ್ಲ ಎಂದು ಹೇಳಿ ಹೋದರು. ರತ್ನ ನನ್ನ ಕೈಯನ್ನು ಮೆಲ್ಲಗೆ ಬಿಟ್ಟಳು. ನನ್ನನ್ನು ನೋಡಿದಳು, ಪ್ರಭುವನ್ನು ನೋಡಿದಳು, ತಾನು ತೊಟ್ಟಿದ್ದ ನೇರಳೆ ಜಾಕೆಟ್ಟನ್ನು ನೋಡಿಕೊಂಡಳು. "ಬಾ ಅನಿತಾ, ಸ್ಕೀ ವಾಪಸ್ ಕೊಟ್ಟು ಬರೋಣ," ಎಂದು ಹೊರಟುಹೋದಳು.

ಪ್ರಭು ಸ್ಟೂಲು ಎಳೆದುಕೊಂಡು ಕೂತ. "ಎಂತ ಮಾರಾಯ್ರೇ, ನನ್ನನ್ನು ಎಂತಕ್ಕೆ ಕರೆದದ್ದು?"

"ಕಣ್ಣು ಕಾಣ್ತಿರಲಿಲ್ಲ," ಎಂದೆ. "ನಿಮ್ಮ ಜಾಕೆಟ್ಟಿನ ಬಣ್ಣ ನೋಡಿ ಹಿಂದೆ ಬಂದೆ. ನಿಮಗೇನು, ಲೆನ್ಸಿದೆ. ನಮ್ಮ ಕಷ್ಟ ನಿಮಗೆ ಹೇಗೆ ಗೊತ್ತಾಗಬೇಕು."

ಅವನು ಬಾಗಿಲ ಕಡೆ ಒಮ್ಮೆ ನೋಡಿ ಧ್ವನಿ ತಗ್ಗಿಸಿದ. "ಲೆನ್ಸು ಎಂತದ್ದೂ ಇಲ್ಲ. ಕಣ್ಣು ಕೆಂಪಾಗಿ, ಕೀವು ಬಂದು, ಡಾಕ್ಟ್ರು ಬೇಡ ಅಂದು ವರ್ಷ ಆಯಿತು. ಆಫೀಸಲ್ಲಿ ಕನ್ನಡಕವೇ. ಡ್ರೈವಿಂಗಿಗೂ ಅದೇ. ನಿಮ್ಮೆಲ್ಲರ ಮುಂದೆ ಮಾತ್ರ ಹಾಕುವುದಿಲ್ಲ."

"ಮತ್ತೆ ಸ್ಕೀಯಿಂಗು?"

"ಹಾಗೆಯೇ. ಮುಂದೆ ಯಾರ ಜಾಕೆಟ್ಟಾದರೂ ಕಾಣ್ತದಲ್ಲ, ಅದರ ಹಿಂದೆ ಹೋಗುವುದು. ಈವತ್ತು ರತ್ನ ಅವರನ್ನು ಕರೆದುಕೊಂಡು ಹೋದದ್ದೂ ಅದಕ್ಕೇ. ನೇರಳೆ ಬಣ್ಣ ಚೆಂದ ಕಾಣ್ತದೆ. ನಾನು ಅವರಿಗೆ ದಾರಿ ತೋರಿಸಿದ್ದಲ್ಲ ಮೂರ್ತಿ, ಅವರೇ ನನ್ನನ್ನು ಇಳಿಸಿಕೊಂಡು ಬಂದದ್ದು."

ಇದನ್ನು ಕೇಳಿ ನನ್ನ ಹೊಟ್ಟೆಕಿಚ್ಚು ಆರಬೇಕಾಗಿತ್ತು. ನಾನೂ ಅದಕ್ಕಾಗಿಯೇ ಕಾದೆ. ಆರಲಿಲ್ಲ. ಕಣ್ಣು ಕಾಣದೆಯೇ ಇವನು ಅಷ್ಟು ಚೆನ್ನಾಗಿ ಇಳಿಯುತ್ತಾನಲ್ಲ ಎಂದು ಹೊಸದಾಗಿ ಹೊತ್ತಿಕೊಂಡಿತು.

ಮರುದಿನ ವಾಪಸ್ ಹೊರಡುವಾಗ ನನ್ನ ಮಂಡಿ ಊದಿತ್ತು, ಕನ್ನಡಕ ಇರಲಿಲ್ಲ. ಹಿಮದ ರಸ್ತೆಯಲ್ಲಿ ರತ್ನ ಎಂದೂ ಕಾರು ಓಡಿಸಿರಲಿಲ್ಲ. ಹಾಗಾಗಿ ಪ್ರಭುವಿನ ಕಾರನ್ನು ಶೈಲಾ ತೆಗೆದುಕೊಂಡರು, ನಮ್ಮ ಕಾರಿನ ಸ್ಟಿಯರಿಂಗಿನ ಮುಂದೆ ಪ್ರಭು ಕೂತ. ರತ್ನ ಅವನ ಪಕ್ಕದ ಸೀಟು. ನಾನು ಕಾಲು ಚಾಚಿಕೊಂಡು ಹಿಂದೆ, ಮಗಳ ಜೊತೆ. ಪ್ರಭು ಒಂದು ಕ್ಷಣ ಹಿಂದುಮುಂದು ನೋಡಿದ. ಆಮೇಲೆ ಜೇಬಿನಿಂದ ದಪ್ಪ ಕನ್ನಡಕ ತೆಗೆದು ಮೂಗಿನ ಮೇಲೆ ಏರಿಸಿದ.

ನಾನು ಎದ್ದು ಕೂತೆ. ಈ ಕ್ಷಣಕ್ಕಾಗಿ ಮಂಡಿಯೊಂದನ್ನು ಕೊಟ್ಟದ್ದೂ ಸಾರ್ಥಕ ಎನಿಸಿತು. ರತ್ನ ಅವನತ್ತ ತಿರುಗಿ ನೋಡಿದಳು. ಸಾಕಷ್ಟು ಹೊತ್ತು ನೋಡಿದಳು.

"ಅಯ್ಯೋ, ಕನ್ನಡಕ ನಿಮಗೆ ಎಷ್ಟು ಚೆನ್ನಾಗಿ ಒಪ್ಪುತ್ತೆ," ಎಂದಳು. "ಎಲ್ಲರಿಗೂ ಹಾಗೆ ಒಪ್ಪಲ್ಲ."

ನಾನು ಕಣ್ಣು ಮುಚ್ಚಿ ಮಲಗಿದೆ. ತೆರೆದಿದ್ದರೂ ಏನೂ ಕಾಣುತ್ತಿರಲಿಲ್ಲ.